ಡಬ್ಬಿಯ ಮೇಲಿನ ಚೀಟಿ

ಆಳಂದದಲ್ಲಿ ಕಾಳುಕಡಿ ಮಾರುವ ಅಡತ ಬಜಾರದ ಹಿಂದಿನ ಓಣಿಯಲ್ಲಿ, ಒಂದು ಹಳೆಯ ಕಲ್ಲಿನ ಮನೆಯ ಪಡಸಾಲೆಯಲ್ಲಿ ಶಿವಕಾಂತಾ ನರ್ಸರಿ ನಡೆಸುತ್ತಿದ್ದಳು. ೧೯೮೬ರ ಮಾತು. ಮಕ್ಕಳು ದಿನವೂ ಎ ಫಾರ್ ಆ್ಯಪಲ್ ಎಂದು ಕೂಗುತ್ತಿದ್ದರು. ಸೇಬು ತಿಂದವರು ಮಾತ್ರ ಅವರಲ್ಲಿ ಅಪರೂಪ. ಅದಕ್ಕೇ ಆಕೆ ಪುಸ್ತಕ ಬದಿಗಿಟ್ಟು, ಕಣ್ಣಿಗೆ ಕಂಡದ್ದರಿಂದಲೇ ಶಬ್ದ ಕಲಿಸತೊಡಗಿದ್ದಳು. ಮೂಗು ಮುಟ್ಟಿಕೊಂಡರೆ ನೋಸ್, ಹಲ್ಲು ಕಿರಿದರೆ ಟೀತ್. ಆ ಸೋಮವಾರ ಮಕ್ಕಳಿಗೆ ಒಂದು ಹೊಸ ಕೆಲಸ ಹಚ್ಚಿದಳು: "ಮನ್ಯಾಗ ಇಂಗ್ಲಿಷ್ ಅಕ್ಷರ ಇದ್ದದ್ದು ಏನರ ನಾಳಿಗಿ ತೊಗೊಂಡ ಬರ್ರಿ."

ಮರುದಿನ ಬೆಂಕಿಪೆಟ್ಟಿಗೆ, ಸಾಬೂನಿನ ಹಾಳೆ, ಚಹಾಪುಡಿಯ ಪೊಟ್ಟಣ ಎಲ್ಲ ಬಂದವು. ಕಡೆಗೆ ಎದ್ದವಳು ಮಹಾನಂದಾ. ರೈತ ಶಾಂತಲಿಂಗಪ್ಪನ ಮಗಳು, ಆಗಷ್ಟೇ ನಾಲ್ಕು ತುಂಬಿದ ಪೋರಿ. ಲಂಗದ ಮಡಿಲಿನಿಂದ ಮುದುಡಿದ ಕಾಗದವೊಂದನ್ನು ತೆಗೆದು ಎತ್ತಿ ಹಿಡಿದಳು.

"ಫೇಸ್, ಟೀಚರ್!" ಎಂದಳು. ಬೆರಳಿಟ್ಟು ತೋರಿಸಿದಳು. "ಐಸ್. ನೋಸ್. ಟೀತ್." ಆಮೇಲೆ ತುಸು ಯೋಚಿಸಿ, "ನೋ ಹೇರ್!"

ಪಡಸಾಲೆಯೆಲ್ಲ ನಕ್ಕಿತು. "ನೋ ಹೇರ್, ನೋ ಹೇರ್" ಎಂದು ಮಕ್ಕಳು ಕುಣಿದರು. ತಾನು ಹೇಳಿಕೊಡದೆ ಕೂಸು ಎರಡು ಶಬ್ದ ಕೂಡಿಸಿತಲ್ಲ ಎಂದು ಶಿವಕಾಂತಾಳಿಗೂ ಹಿಗ್ಗು. ನಗುತ್ತಲೇ ಕಾಗದ ಇಸಿದುಕೊಂಡಳು. ಕೆಂಪು ಬಣ್ಣದ ತಲೆಬುರುಡೆ. ಅದರ ಕೆಳಗೆ ಅಡ್ಡಡ್ಡ ಎಲುಬು. ಪಾಯ್ಸನ್ ಎಂಬ ದಪ್ಪ ಅಕ್ಷರ. ತೊಗರಿಯ ಹುಳಕ್ಕೆ ಹೊಡೆಯುವ ಎಣ್ಣೆಯ ಚೀಟಿ ಅದು. ಇನ್ನೂ ಹಸಿಯಾಗಿತ್ತು.

"ಇದು ಎಲ್ಲಿ ಸಿಕ್ತವ್ವ ನಿನಗ?"

"ಡಬ್ಬಿ ಮ್ಯಾಲ ಇತ್ರಿ. ಆಯಿ ಬೂದಿ ಹಚ್ಚಿ ತಿಕ್ಕಾಕತ್ತಿದ್ಲು, ಕಿತ್ತು ಬಂತು. ನಾ ಬೇಡಿ ಇಸ್ಕೊಂಡೆ."

"ಡಬ್ಬ್ಯಾಗ ಈಗ ಏನೈತಿ?"

"ಮಜ್ಜಿಗಿ. ಹೊಲಕ್ಕ ಒಯ್ತಾಳ, ಆಳಿಗೆ."

ಶಿವಕಾಂತಾ ತಟ್ಟನೆ ಎದ್ದಳು. ಮಕ್ಕಳನ್ನು ನೋಡಿಕೊಳ್ಳುವ ಕುಲಸುಮಬಿಯನ್ನು ಕೂಗಿ ಶಾಲೆ ಒಪ್ಪಿಸಿದಳು, ಮಹಾನಂದಾಳನ್ನು ಕಂಕುಳಿಗೆ ಏರಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಓಡಿದಳು. ಲಾಡ್ಲೆಸಾಬನ ಟಾಂಗಾ ನಿಂತಿತ್ತು. "ಜಲ್ದಿ ಹೊಡಿ ಲಾಡ್ಲೆಸಾಬ, ಶಾಂತಲಿಂಗಪ್ಪನ ಹೊಲಕ್ಕ" ಎಂದಳು. ಆತ ಮುಖ ನೋಡಿದವನೇ, ಏನು ಎತ್ತ ಎಂದು ಕೇಳದೆ ಚಾಟಿ ಎತ್ತಿದ.

ಹೊಲದಲ್ಲಿ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ಬೇವಿನ ಕೆಳಗೆ ಆಳುಗಳು ಬುತ್ತಿ ಬಿಚ್ಚಿದ್ದರು. ಮಹಾನಂದಾಳ ಆಯಿ, ಅಂದರೆ ಅಜ್ಜಿ ಗಂಗಾಬಾಯಿ, ಡಬ್ಬಿ ಬಗ್ಗಿಸಿ ಮೊದಲ ಲೋಟಕ್ಕೆ ಮಜ್ಜಿಗೆ ಸುರಿಯುತ್ತಿದ್ದಳು.

"ಕುಡೀಬ್ಯಾಡ್ರಿ! ಯಾರೂ ಕುಡೀಬ್ಯಾಡ್ರಿ!" ಶಿವಕಾಂತಾ ಟಾಂಗಾದಿಂದಲೇ ಚೀರಿದಳು.

ಎಲ್ಲರ ಕೈ ನಿಂತವು. ಆಕೆ ಏದುಸಿರಿನಲ್ಲೇ ವಿಷಯ ಹೇಳಿದಳು. ಗಂಗಾಬಾಯಿಗೆ ಸಿಟ್ಟು ಬಂತು. "ಬೂದಿ ಹಚ್ಚೀನಿ, ಬಿಸಿನೀರಾಗ ತೊಳದೀನಿ. ನಾ ಏನು ಹೊಲಸ ಹೆಂಗಸೇನ್ರಿ?"

"ಹೊಲಸಿನ ಮಾತಲ್ಲವ್ವ. ಅದು ತೊಳದರ ಹೋಗಂಗಿಲ್ಲ."

ಶಾಂತಲಿಂಗಪ್ಪ ಎದ್ದು ನಿಂತ. ಆಳುಗಳೆದುರು ತಾಯಿಯ ಮರ್ಯಾದೆ ಹೋಯಿತು ಎಂಬುದೇ ಅವನಿಗೆ ದೊಡ್ಡದಾಗಿತ್ತು. "ಟೀಚರ್, ನೀವು ಹುಡುಗ್ರಿಗೆ ಕಲಸ್ರಿ. ನಮ್ಮವ್ವಗ ಕಲಸ್ಬ್ಯಾಡ್ರಿ" ಎಂದವನೇ ಲೋಟ ಎತ್ತಿ ಗಟಗಟನೆ ಕುಡಿದ. ಮೀಸೆ ಒರೆಸಿಕೊಂಡು ನಕ್ಕ. "ನೋಡ್ರಿ, ಏನಾತು?"

ಏನೂ ಆಗಲಿಲ್ಲ. ಆಳುಗಳು ಮಾತ್ರ ಕೈ ಮುಂದೆ ಮಾಡಲಿಲ್ಲ. ಶಿವಕಾಂತಾ ಡಬ್ಬಿ ಎತ್ತಿ ಮಜ್ಜಿಗೆಯನ್ನು ಕರಿಮಣ್ಣಿಗೆ ಸುರಿದುಬಿಟ್ಟಳು. ಶಾಂತಲಿಂಗಪ್ಪ ಬೈಯುತ್ತಾ ತೊಗರಿಯ ಸಾಲಿನತ್ತ ಹೋದ. ಆಕೆ ಟಾಂಗಾ ಹತ್ತಲಿಲ್ಲ. ಹೋಗಲು ಮನಸ್ಸೇ ಬರಲಿಲ್ಲ. ಬದುವಿನ ಮೇಲೆ ಕೂತು ಅವನ ಬೆನ್ನನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವನು ತಲೆ ಹಿಡಿದುಕೊಂಡು ನಿಂತ, ವಾಂತಿ ಮಾಡಿದ, ಆಮೇಲೆ ತೊಗರಿಯ ನಡುವೆ ಬಿದ್ದು ಕೈಕಾಲು ಝಾಡಿಸತೊಡಗಿದ.

ಮಹಾನಂದಾಳನ್ನು ಆಳುಗಳ ಹತ್ತಿರ ಬಿಟ್ಟು, ಅದೇ ಟಾಂಗಾದಲ್ಲಿ ಅವನನ್ನು ಆಸ್ಪತ್ರೆಗೆ ತಂದರು. ಡಾಕ್ಟರು ಸೂಜಿ ಚುಚ್ಚಿದರು, ಕೊಳವೆ ಇಳಿಸಿದರು. ಆದರೂ ಫಿಟ್ಸು ಮತ್ತೆ ಮತ್ತೆ ಬಂತು. ಅವನು ಬದುಕಿದ, ಆದರೆ ಬದುಕುತ್ತಾನೆ ಎಂದು ಡಾಕ್ಟರು ಗಟ್ಟಿಯಾಗಿ ಹೇಳಿದ್ದು ಒಂದು ವಾರದ ಮೇಲೆ. ಅವನು ಬಿದ್ದ ಆ ಮಧ್ಯಾಹ್ನ ಹೆಂಡತಿ ಅವನ ಕಾಲು ಹಿಡಿದು ಕೂತಿದ್ದಳು, ಗಂಗಾಬಾಯಿ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು. ಒಮ್ಮೆಲೇ ಆಕೆ ಶಿವಕಾಂತಾಳ ಸೆರಗು ಜಗ್ಗಿದಳು.

"ಟೀಚರ್, ಇನ್ನೊಂದು ಡಬ್ಬಿ ಇತ್ರಿ."

"ಎಲ್ಲೈತವ್ವ?"

"ಅಫಜಲಪುರದಾಗ. ಮಗಳ ಮನ್ಯಾಗ. ಹೋದ ವಾರ ಕುಸುಬಿ ಎಣ್ಣಿ ತುಂಬಿ ಕಳಸೇನಿ... ಕೂಸಿಗೆ ಹಚ್ಚಾಕ."

ಇಬ್ಬರೂ ಸಿಕ್ಕ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಬಸ್ಸು ಕೈ ತೋರಿದವರನ್ನೆಲ್ಲ ಹತ್ತಿಸಿಕೊಂಡಿತು. ದತ್ತನ ದರ್ಶನಕ್ಕೆ ಗಾಣಗಾಪುರಕ್ಕೆ ಹೊರಟವರು ಹಾಡುತ್ತಿದ್ದರು. ಗಂಗಾಬಾಯಿ ಕೊರಳ ಲಿಂಗ ಹಿಡಿದು ತುಟಿ ಅಲ್ಲಾಡಿಸುತ್ತಿದ್ದಳು.

ಹೊತ್ತು ಮುಳುಗುವಾಗ ಮನೆ ಮುಟ್ಟಿದರು. ಮಗಳು ಶರಣಬಸಮ್ಮ ನಗುತ್ತಾ ಬಾಗಿಲಿಗೆ ಬಂದಳು. ಮೊಳದಷ್ಟು ಉದ್ದದ ಕೂಸು ಅವಳ ಹೆಗಲ ಮೇಲಿತ್ತು. ಮೈಯೆಲ್ಲ ಎಣ್ಣೆಯ ಮಿರುಗು.

"ಏನವ್ವ, ಹೇಳದ ಕೇಳದ ಬಂದಿ? ನೀ ಕೊಟ್ಟ ಎಣ್ಣಿ ಭಾಳ ಚೊಲೊ ಐತಿ ನೋಡು. ನಿನ್ನೆಯಿಂದ ಅಳೂದ ಇಲ್ಲ. ಹಾಲಿಗೂ ಏಳಾಕತ್ತಿಲ್ಲ, ಬರೇ ನಿದ್ದಿ."

ಶಿವಕಾಂತಾ ಕೂಸನ್ನು ಕಸಿದುಕೊಂಡಳು. ಕತ್ತು ಹಿಂದಕ್ಕೆ ಜೋತುಬಿತ್ತು. "ಸಾಬೂನು, ಬಿಸಿನೀರು! ಆಮ್ಯಾಲ ಎಲ್ಲಾ ಹೇಳ್ತೇನಿ!" ಎಂದು ಬಚ್ಚಲಿಗೆ ನುಗ್ಗಿದಳು. ಎಣ್ಣೆ ಬಿಡುವತನಕ ತೊಳೆದು, ಬಟ್ಟೆಯಲ್ಲಿ ಸುತ್ತಿ, ಶರಣಬಸಮ್ಮನನ್ನು ಎಳೆದುಕೊಂಡೇ ಡಾಕ್ಟರ ಮನೆಗೆ ಓಡಿದಳು.

ಬೆಳಗಾಗುವಾಗ ಕೂಸು ಸಣ್ಣಗೆ ಅತ್ತಿತು. ಮೊಲೆ ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಡಾಕ್ಟರು ಕಣ್ಣಿಗೆ ಬೆಳಕು ಹಿಡಿದು ನೋಡಿದರು. "ಜೀವಕ್ಕ ಭಯ ಇಲ್ಲ. ಉಳದದ್ದು ಬೆಳದಂಗ ಗೊತ್ತಾಕೈತಿ" ಎಂದು ಹೇಳಿ ಹೊರಗೆ ಹೋದರು.

ಗಂಗಾಬಾಯಿ ಶಿವಕಾಂತಾಳ ಕೈ ಹಿಡಿದುಕೊಂಡಳು. "ಬೆಳದಂಗ ಅಂದ್ರ ಏನ್ರಿ ಟೀಚರ್? ಮಾತಾಡ್ತೈತಲ್ರಿ? ನಡೀತೈತಲ್ರಿ?"

ಶಿವಕಾಂತಾ ಆ ಮುದುಕಿಯ ಮುಖ ನೋಡಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನನಗ ಗೊತ್ತಿಲ್ಲವ್ವ" ಎಂದಳು.