ದೇವರಂಥ ಹುಡುಗ

ತುಮಕೂರಿನ ಶೆಟ್ಟಿಹಳ್ಳಿ ದಾರಿಯಲ್ಲಿದ್ದ ಆ ಹಾಸ್ಟೆಲ್ಲಿನಲ್ಲಿ ಇದ್ದು ಓದಿದವರಿಗೆ ಡಿಗ್ರಿ ಸಿಗುತ್ತಿತ್ತೋ ಇಲ್ಲವೋ, ಹೆಣ್ಣಂತೂ ಸಿಕ್ಕೇ ಸಿಗುತ್ತಿತ್ತು. ಹೆಣ್ಣಿನ ಕಡೆಯವರು ಗಂಡು ನೋಡಿದ ಮೇಲೆ ಸುಮ್ಮನಿರುತ್ತಾರೆಯೇ? ಹುಡುಗ ಎಲ್ಲಿ ಓದಿದ, ಎಲ್ಲಿ ಉಳಿದಿದ್ದ ಎಂದು ತಿಳಿದುಕೊಂಡು ಅಲ್ಲಿಗೇ ಹೋಗಿ ಗುಟ್ಟಾಗಿ ವಿಚಾರಿಸುತ್ತಾರೆ. ಯಾರೋ ಹಿರಿಯರು ಹೆಗಲ ಮೇಲೆ ಟವೆಲ್ ಹಾಕಿಕೊಂಡು, "ನಮ್ಮ ಹುಡುಗನಿಗೊಂದು ಸೀಟು ಸಿಗ್ತದಾ?" ಎನ್ನುತ್ತಾ ಗೇಟಿನೊಳಗೆ ಬಂದರೆ ಸಾಕು, ಇವರು ಸೀಟಿಗೆ ಬಂದವರಲ್ಲ ಎಂದು ಹುಡುಗರಿಗೆ ತಿಳಿದುಹೋಗುತ್ತಿತ್ತು. ಸೀಟಿಗೆ ಬರುವವರು ಜೂನ್ ತಿಂಗಳಲ್ಲಿ ಬರುತ್ತಾರೆ. ಇವರು ಸಂಕ್ರಾಂತಿಯ ಆಸುಪಾಸಿನಲ್ಲಿ ಬರುತ್ತಾರೆ.

ಆಗ ಹಾಸ್ಟೆಲ್ಲಿನ ಕಟ್ಟಳೆ ಒಂದೇ. ಹಳೇ ಹುಡುಗನ ಬಗ್ಗೆ ಒಂದೇ ಒಂದು ಕೆಟ್ಟ ಮಾತು ಬಾಯಿಂದ ಉದುರಬಾರದು. ಅವನ ಮುಖವನ್ನೇ ನೋಡಿರದಿದ್ದರೂ ಹೊಗಳಬೇಕು. ಇವತ್ತು ನೀನು ಹೊಗಳಿದರೆ ನಾಳೆ ನಿನ್ನನ್ನು ಹೊಗಳಲು ಇನ್ನೊಬ್ಬ ಇರುತ್ತಾನೆ. ಯಾವ ಪುಣ್ಯಾತ್ಮ ಈ ಕಟ್ಟಳೆ ಮಾಡಿದನೋ ಯಾರಿಗೂ ಗೊತ್ತಿರಲಿಲ್ಲ. ಆದರೆ ತೊಂಬತ್ನಾಲ್ಕರಲ್ಲಿ ಸೆಕ್ರೆಟರಿಯಾಗಿದ್ದ ಮಲ್ಲಿಕಾರ್ಜುನನಷ್ಟು ಕಟ್ಟುನಿಟ್ಟಾಗಿ ಅದನ್ನು ಪಾಲಿಸಿದವರು ಯಾರೂ ಇಲ್ಲ. ಅವನು ತನ್ನ ಪರಿಚಯದ ಮುದುಕರಿಗೆ ಪಂಚೆ ಉಡಿಸಿ, ಸುಳ್ಳು ಬೀಗರನ್ನಾಗಿ ಮಾಡಿ ಹಾಸ್ಟೆಲ್ಲಿಗೆ ಕಳಿಸಿ, ಜೂನಿಯರ್‌ಗಳನ್ನು ಪರೀಕ್ಷೆ ಮಾಡುತ್ತಿದ್ದ. ಬಾಯಿತಪ್ಪಿ ಕೆಟ್ಟದ್ದು ಹೇಳಿದವನು ವಾರವಿಡೀ ಎಲ್ಲರ ತಟ್ಟೆ ತೊಳೆಯಬೇಕಿತ್ತು. ಮಲ್ಲಿಕಾರ್ಜುನ ಹಾಸ್ಟೆಲ್ ಬಿಟ್ಟ ಮೇಲೂ ಆ ಪರೀಕ್ಷೆ ನಿಲ್ಲಲಿಲ್ಲ. ಹಳೇ ಹುಡುಗರಿಗೆ ಅದೊಂದು ಮೋಜಾಗಿಬಿಟ್ಟಿತು.

ಎರಡು ಸಾವಿರದ ಒಂದರಲ್ಲಿ ಹೆಣ್ಣು ನೋಡುವ ಸರದಿ ಮಲ್ಲಿಕಾರ್ಜುನನದೇ ಆಯಿತು. ಆಗ ಅವನು ಕುಣಿಗಲ್ಲಿನ ಒಂದು ಕಾಲೇಜಿನಲ್ಲಿ ಕಾಮರ್ಸ್ ಲೆಕ್ಚರರ್. ಸೋದರಮಾವ ವೀರಭದ್ರಯ್ಯನವರು ಅವನನ್ನು ಗುಬ್ಬಿಗೆ ಕರೆದುಕೊಂಡು ಹೋಗಿ, ತೆಂಗಿನಕಾಯಿ ವ್ಯಾಪಾರಿ ಚನ್ನಬಸವಯ್ಯನವರ ಮಗಳು ಮಾಲಿನಿಯನ್ನು ತೋರಿಸಿದರು. ಉಪ್ಪಿಟ್ಟಿನ ತಟ್ಟೆ ಕೊಡುವಾಗ ಚಮಚ ಜಾರಿ ಅವನ ಪ್ಯಾಂಟಿನ ಮೇಲೆ ಬಿತ್ತು. ಬೇರೆ ಹುಡುಗಿಯಾಗಿದ್ದರೆ ಹೆದರುತ್ತಿದ್ದಳು, ಮಾಲಿನಿ ನಕ್ಕುಬಿಟ್ಟಳು. ಅಷ್ಟೇ, ನಮ್ಮ ಲೆಕ್ಚರರ್ ಸಾಹೇಬರ ಕತೆ ಅಲ್ಲಿಗೆ ಮುಗಿಯಿತು. "ಸಿನಿಮಾ ನೋಡ್ತೀರಾ?" ಎಂದು ಅವಳು ಕೇಳಿದಾಗ ಅವನು ಬಾಯಿ ತೆರೆಯುವ ಮೊದಲೇ ವೀರಭದ್ರಯ್ಯನವರು, "ನಮ್ ಹುಡ್ಗ ಆ ಕಡೆ ತಲೆ ಹಾಕೂ ಮಲಗಲ್ಲ" ಎಂದರು. ಅವಳ ನಗು ನಿಂತಿತು. ಅದನ್ನು ಕಂಡರೂ ಅವನು ಸುಮ್ಮನೆ ಉಪ್ಪಿಟ್ಟು ತಿಂದ.

ವಾರದ ನಂತರ ವೀರಭದ್ರಯ್ಯನವರು ಮುಖ ಇಳಿಬಿಟ್ಟುಕೊಂಡು ಕುಣಿಗಲ್ಲಿಗೆ ಬಂದರು.

"ಹುಡ್ಗಿ ಒಲ್ಲೆ ಅಂದ್ಬುಟ್ಲು ಕಣೋ."

"ಯಾಕಂತೆ? ಹಾಸ್ಟೆಲ್‌ನಾಗೆ ಯಾರಾದ್ರೂ ಏನಾದ್ರೂ ಹೇಳಿದ್ರಾ?"

"ಹೇಳಿದ್ರು, ಅದೇ ಆಗಿದ್ದು. ಬೆಳಗಿನ ಜಾವ ಎದ್ದು ತಣ್ಣೀರು ಸ್ನಾನ ಮಾಡಿ ಪೂಜೆಗೆ ಕೂರ್ತಾನೆ, ಕಾಫಿ ಟೀ ಮುಟ್ಟಲ್ಲ, ಟಾಕೀಸ್ ಕಂಡ್ರೆ ರಸ್ತೆ ಬದಲಾಯಿಸ್ತಾನೆ, ಕೋಪ ಅಂದ್ರೇನು ಅಂತ್ಲೇ ಗೊತ್ತಿಲ್ಲ, ದೇವ್ರಂಥ ಹುಡ್ಗ ಅಂದವ್ರೆ. ಚನ್ನಬಸವಯ್ಯನೋರು ಕುಣಿದಾಡ್ತಾ ಮನೆಗೋಗಿ ಹೇಳವ್ರೆ. ಮಗಳು, 'ಅಂಥೋರಿಗೆ ಮಠ ಐತಲ್ಲಪ್ಪ, ಹೆಂಡ್ತಿ ಯಾಕೆ?' ಅಂದ್ಲಂತೆ."

ಮಲ್ಲಿಕಾರ್ಜುನನ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು. ಅದು ಬೆಳಗ್ಗೆಯಿಂದ ಅವನು ಕುಡಿಯುತ್ತಿದ್ದ ಮೂರನೆಯ ಟೀ. ಅವನಿಗೆ ನಗು ಬರಲಿಲ್ಲ. ನಿಜವಾಗಿಯೂ ದುಃಖವಾಯಿತು. ಬೇಡವೆನ್ನಿಸಿಕೊಂಡವನು ತಾನಾಗಿದ್ದರೆ ಹೇಗೋ ಸಹಿಸಬಹುದಿತ್ತು, ಯಾವನೋ ಇಲ್ಲದ ಸನ್ಯಾಸಿಯ ದೆಸೆಯಿಂದ ತನ್ನ ಹುಡುಗಿ ಕೈತಪ್ಪುವುದೆಂದರೇನು?

ಮಾರನೆಯ ದಿನವೇ ಅವನು ತುಮಕೂರು ಬಸ್ಸು ಹತ್ತಿದ. ಆ ವರ್ಷದ ಸೆಕ್ರೆಟರಿ ಕೋರದ ಕಡೆಯ ರುದ್ರೇಶ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ. ಮಲ್ಲಿಕಾರ್ಜುನ ಎಲ್ಲವನ್ನೂ ಬಿಡಿಸಿ ಹೇಳಿ, ಕೊನೆಗೆ ಬೇಡಿಕೊಂಡ.

"ಮುಂದಿನ ಭಾನುವಾರ ಹಳೇ ಹುಡುಗ್ರ ದಿನ ಅಲ್ವೇನೋ, ಅವರನ್ನ ಹೆಂಗಾದ್ರೂ ಮಾಡಿ ಕರೆಸ್ತೀನಿ. ನೀನು ನನ್ನ ಬಗ್ಗೆ ನಾಲ್ಕು ಕೆಟ್ಟ ಮಾತಾಡ್ಬೇಕು. ಕಾಂಪೌಂಡ್ ಹಾರಿ ಸೆಕೆಂಡ್ ಷೋಗೆ ಹೋಗ್ತಿದ್ದೆ ಅಂತಾದ್ರೂ ಹೇಳೋ."

ರುದ್ರೇಶ ಸೋಪಿನ ಕೈಯಲ್ಲೇ ಮುಸಿಮುಸಿ ನಕ್ಕ.

"ಟೆಸ್ಟಾ ಅಣ್ಣಾ?"

"ಟೆಸ್ಟಲ್ಲ ಕಣೋ, ನಿಜ್ವಾಗ್ಲೂ!"

"ಹೋದ್ಸಲ ಬಂದೋರೂ ಹಿಂಗೇ ಅಂದ್ರು. ನಂಬಿ ಬಾಯ್ಬಿಟ್ಟ ಹುಡುಗ ಇವತ್ತಿಗೂ ತಟ್ಟೆ ತೊಳೀತಾವ್ನೆ. ನಮ್ ಬಾಯಿಂದ ಕೆಟ್ಟದ್ದು ಬರಲ್ಲ ಬುಡಿ, ಪ್ರಾಣ ಹೋದ್ರೂ ಬರಲ್ಲ."

ಮಲ್ಲಿಕಾರ್ಜುನ ಆಣೆ ಇಟ್ಟ. ಗದರಿದ. ಕೈ ಮುಗಿದ. ಅವನು ಬೇಡಿದಷ್ಟೂ ಸುತ್ತ ಸೇರಿದ್ದ ಹುಡುಗರಿಗೆ ಪರೀಕ್ಷೆ ಈ ಸಲ ಕಠಿಣವಾಗಿದೆ ಎಂಬ ನಂಬಿಕೆ ಗಟ್ಟಿಯಾಗುತ್ತಾ ಹೋಯಿತು. ಏನು ಆ್ಯಕ್ಟಿಂಗು, ಕಣ್ಣಲ್ಲಿ ನೀರೂ ತರಿಸಿಕೊಂಡರಲ್ಲ ಎಂದು ಆಮೇಲೆ ತಮ್ಮತಮ್ಮಲ್ಲೇ ಮೆಚ್ಚಿಕೊಂಡರು.

ಚನ್ನಬಸವಯ್ಯನವರನ್ನು ಕರೆಸುವುದೇನೂ ಕಷ್ಟವಾಗಲಿಲ್ಲ. ಇಂಥ ಅಳಿಯ ಕೈತಪ್ಪಿದನೆಂದು ಅವರೇ ಹಲುಬುತ್ತಿದ್ದರು. ಹುಡುಗನ ಯೋಗ್ಯತೆಯನ್ನು ಮಗಳು ಕಣ್ಣಾರೆ ನೋಡಲಿ ಎಂದು, ಹೆಂಡತಿ ಶಿವರುದ್ರಮ್ಮನವರನ್ನೂ ಮಾಲಿನಿಯನ್ನೂ ಹೊರಡಿಸಿಕೊಂಡು ಭಾನುವಾರ ಬಂದು ಮುಂದಿನ ಸಾಲಿನಲ್ಲೇ ಕುಳಿತರು. ಹಾಸ್ಟೆಲ್ಲಿನ ದೊಡ್ಡ ಹಾಲಿನ ತುಂಬ ಹಳೇ ಹುಡುಗರು. ತಲೆ ಬೋಳಾದವರು, ಹೊಟ್ಟೆ ಬಂದವರು, ಹೆಂಡತಿಯ ಮುಂದೆ ಹಾಸ್ಟೆಲ್ಲಿನ ಪ್ರತಾಪಗಳನ್ನು ಅರ್ಧದಲ್ಲೇ ನುಂಗಿಕೊಳ್ಳುವವರು. ಅಡುಗೆಮನೆಯಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಭಾಷಣ ಮುಗಿದರೆ ಊಟ ಎಂದು ಎಲ್ಲರೂ ಕಾಯುತ್ತಿದ್ದರು.

ರುದ್ರೇಶ ಮೈಕು ಹಿಡಿದ. ಹೆಣ್ಣಿನ ಕಡೆಯವರು ಎದುರಿಗೇ ಇದ್ದಾರೆ, ಇನ್ನು ಬಿಡುತ್ತಾನೆಯೇ?

"ಮಲ್ಲಿಕಾರ್ಜುನಣ್ಣ ನಮ್ ಹಾಸ್ಟೆಲ್ಲಿನ ಹೆಮ್ಮೆ. ಟಾಕೀಸ್ ಮುಂದೆ ಬಸ್ಸು ಹೋಗ್ಬೇಕಾದ್ರೆ ಕಣ್ಣು ಮುಚ್ಕೊಂಡು ಕೂರ್ತಿದ್ರಂತೆ!"

ಚಪ್ಪಾಳೆ ಬಿತ್ತು. ಹಿಂದಿನಿಂದ ಇನ್ನೊಬ್ಬ ಎದ್ದು, ಅಣ್ಣನ ಬಾಯಲ್ಲಿ ಗಟ್ಟಿ ಮಾತು ಯಾರೂ ಕೇಳಿಲ್ಲ ಎಂದ. ಮತ್ತೊಬ್ಬ, ಅಣ್ಣ ವಾರಕ್ಕೆರಡು ದಿನ ಉಪವಾಸ ಎಂದ. ಚನ್ನಬಸವಯ್ಯನವರ ಮುಖ ಅರಳುತ್ತಾ ಹೋಯಿತು. ಮಾಲಿನಿ ಸೆರಗಿನ ತುದಿ ತಿರುಚುತ್ತಾ ಬಾಗಿಲ ಕಡೆ ನೋಡತೊಡಗಿದಳು. ಇನ್ನೊಂದು ಹೊಗಳಿಕೆ ಬಿದ್ದರೆ ಅವಳು ಎದ್ದು ಹೋಗುತ್ತಾಳೆ, ಮತ್ತೆ ಎಂದೂ ತಿರುಗಿ ನೋಡುವುದಿಲ್ಲ ಎಂದು ಮಲ್ಲಿಕಾರ್ಜುನನಿಗೆ ಖಾತ್ರಿಯಾಯಿತು. ಅವನ ತಾಳ್ಮೆ ಕಿತ್ತುಹೋಯಿತು. ಓಡಿಹೋಗಿ ಮೈಕು ಕಿತ್ತುಕೊಂಡ.

"ಸಾಕು ನಿಲ್ಸ್ರೋ, ಕತ್ತೆಗಳಾ!"

ಹೊಗಳಲು ಎದ್ದು ನಿಂತಿದ್ದವರು ತಟ್ಟನೆ ಕೂತರು.

"ಎಂಟು ಗಂಟೆ ಆಗ್ದೆ ನಾನು ಕಂಬಳಿ ತೆಗ್ಯಲ್ಲ. ಟೀ ಇಲ್ದಿದ್ರೆ ತಲೆ ಓಡಲ್ಲ. ಶಿವರಾತ್ರಿ ಜಾಗರಣೆ ದಿನ ಇದೇ ಹಾಲ್‌ನಾಗೆ ಇಸ್ಪೀಟ್ ಆಡಿದ್ದೀನಿ, ಆಡಿಸಿದ್ದೀನಿ. ಅಕೌಂಟೆನ್ಸಿ ಫೇಲಾದಾಗ ಬಾತ್‌ರೂಮಿಗೆ ಹೋಗಿ ಅತ್ತಿದ್ದೀನಿ, ಈಗ ಅದೇ ಅಕೌಂಟೆನ್ಸಿ ಪಾಠ ಮಾಡ್ತೀನಿ. ಕೋಪ ಬರುತ್ತೆ, ಈಗ ಬಂದದೆ. ಗುಬ್ಬೀಲಿ ಒಬ್ರು ಸಿನಿಮಾ ನೋಡ್ತೀರಾ ಅಂತ ಕೇಳಿದ್ರು. ನೋಡ್ತೀನಿ. ಕೆಟ್ಟ ಸಿನಿಮಾನೂ ಬಿಡದೆ ನೋಡ್ತೀನಿ. ಅವತ್ತು ಹೇಳಕ್ಕೆ ಧೈರ್ಯ ಬರ್ಲಿಲ್ಲ."

ಹಾಸ್ಟೆಲ್ಲಿನ ಇತಿಹಾಸದಲ್ಲಿ ಕಟ್ಟಳೆ ಮುರಿದವರಿದ್ದರು, ಆದರೆ ತನ್ನ ಮೇಲೆ ತಾನೇ ಚಾಡಿ ಹೇಳಿಕೊಂಡವನು ಅವನೊಬ್ಬನೇ. ಇದು ಪರೀಕ್ಷೆಯಲ್ಲ ಎಂದು ರುದ್ರೇಶನಿಗೆ ಆಗ ಹೊಳೆದು, ಅವನು ಮೆಲ್ಲಗೆ ಕಂಬದ ಹಿಂದೆ ಸರಿದ.

ಚನ್ನಬಸವಯ್ಯನವರು ಕೆಂಪಗಾಗಿ ಎದ್ದು ನಿಂತು ಟವೆಲ್ ಕೊಡವಿದರು.

"ನಡೀರಿ, ಹೋಗಣ. ಇಸ್ಪೀಟಾಡೋನ್ಗೆ ಹೆಣ್ಣು ಕೊಡೋಕೆ ನಂಗೇನ್ ತಲೆ ಕೆಟ್ಟೈತಾ?"

ಮಾಲಿನಿ ಏಳಲಿಲ್ಲ. ಶಿವರುದ್ರಮ್ಮನವರೂ ಏಳಲಿಲ್ಲ. ಆಕೆ ಗಂಡನ ಪಂಚೆಯ ಅಂಚು ಹಿಡಿದು ಕೆಳಗೆ ಎಳೆದರು.

"ಕೂತ್ಕಳಿ. ನೀವೂ ಇದೇ ಹಾಸ್ಟೆಲ್‌ನೋರು ಅಂತ ಈ ಮಕ್ಳಿಗೆ ಯಾಕೆ ಹೇಳ್ನಿಲ್ಲ?"

ಎಲ್ಲರ ತಲೆಗಳೂ ಆ ಕಡೆ ತಿರುಗಿದವು. ಚನ್ನಬಸವಯ್ಯನವರು ಕೆಮ್ಮಿದರು.

"ಪೀಯುಸಿಗೆ ಒಂದ್ ವರ್ಷ ಇದ್ರು, ಫೇಲಾಗಿ ತೆಂಗಿನ್ಕಾಯಿ ಮಂಡಿಗೆ ಬಂದ್ರು," ಎಂದು ಶಿವರುದ್ರಮ್ಮನವರು ಹಾಲಿಗೆಲ್ಲ ಕೇಳುವಂತೆ ಹೇಳಿದರು. "ನಮ್ಮಪ್ಪಾನೂ ಇಲ್ಲಿಗೇ ಬಂದು ವಿಚಾರ್ಸಿದ್ರು. ದೇವ್ರಂಥ ಹುಡ್ಗ, ಕೋಪ ಅನ್ನೋದೇ ಗೊತ್ತಿಲ್ಲ ಅಂದ್ರಂತೆ. ನಂಬಿ ಕೊಟ್ರು. ಇವ್ರೂ ಅದು ನಿಜಾ, ಇಲ್ಲಿ ಹೇಳೋದೆಲ್ಲಾ ನಿಜಾ ಅಂತ್ಲೇ ಇವತ್ತಿನ್ವರ್ಗೂ ನಂಬವ್ರೆ. ಆ ದೇವ್ರು ಎಂದಾದ್ರೂ ಮನೆಗೆ ಬತ್ತಾನೇನೋ ಅಂತ ನಾನೂ ಬಾಗ್ಲು ನೋಡ್ತಾನೇ ಇದೀನಿ."

ಮೊದಲು ನಕ್ಕವರು ಯಾರೋ ಹಿಂದಿನ ಸಾಲಿನ ಹೆಂಗಸು. ಆಮೇಲೆ ಹಾಲಿನಲ್ಲಿದ್ದ ಹೆಂಡತಿಯರೆಲ್ಲ ನಕ್ಕರು. ಗಂಡಂದಿರು ಮಾತ್ರ ಹೋಳಿಗೆಯ ವಾಸನೆ ಬರುತ್ತಿದ್ದ ಕಡೆ ನೋಡುತ್ತಾ ಕುಳಿತರು.

ಚನ್ನಬಸವಯ್ಯನವರು ಕುಳಿತುಕೊಂಡರು. ಮಗಳ ಕಡೆ ತಿರುಗಿ, "ಏನಮ್ಮಾ ಹೇಳ್ತೀಯ?" ಎಂದರು. ದನಿ ಸಣ್ಣಗಾಗಿತ್ತು.

ಮಾಲಿನಿ, ಮೈಕು ಹಿಡಿದುಕೊಂಡೇ ಬೆವರುತ್ತಿದ್ದ ಮಲ್ಲಿಕಾರ್ಜುನನನ್ನು ನೋಡಿದಳು. ಈ ಸಲ ಅವಳು ನಗಲಿಲ್ಲ.

"ಒಪ್ಪಿಗೆ ಅಪ್ಪಾ. ಇವ್ರು ಎಂಥೋರು ಅಂತ ನಂಗೆ ಮದುವೆಗೆ ಮುಂಚೇನೇ ಗೊತ್ತಾಯ್ತು. ಅಮ್ಮಂಗೆ ಯಾರೂ ಹೇಳ್ಲಿಲ್ಲ."

ಶಿವರುದ್ರಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಚನ್ನಬಸವಯ್ಯನವರು ಹೆಂಡತಿಯ ಕಡೆ ಬಾಗಿ, ಹಾಲಿನಲ್ಲಿ ಅಷ್ಟು ಜನ ಇದ್ದಾರೆಂಬುದನ್ನೂ ಮರೆತು ಮೆತ್ತಗೆ ಕೇಳಿದರು:

"ಅಷ್ಟೊಂದ್ ಕೋಪ ಮಾಡ್ತೀನೇನೇ ನಾನು?"