ಟೆಗಿಡ್ ಮಾವನ ‘ಅಲ್ಲ’

ನಮ್ಮಕ್ಕ ಎಲಿನೆಡ್ ಕಾನೂನು ಓದಿ ಡೊಲ್ಗೆಥ್ಲೈ ಪೇಟೆಯ ವಕೀಲರ ಆಫೀಸು ಸೇರಿದಾಗ ಅಪ್ಪ ಭಾನುವಾರ ಚಾಪೆಲ್ ಬಾಗಿಲಲ್ಲಿ ನಿಂತು ಬಂದಬಂದವರ ಕೈ ಕುಲುಕಿದ್ದ. ಕುರಿ ಮೇಯಿಸಿಕೊಂಡು ಬಂದ ಮನೆತನದಲ್ಲಿ ಅವಳೇ ಮೊದಲ ವಕೀಲೆ, ಕೇಳಬೇಕೇ! ಸ್ವಲ್ಪ ದಿನಕ್ಕೇ ಅವಳು ಕೆಲಸ ಬಿಟ್ಟು ಪೆಟ್ಟಿಗೆ ಹಿಡಿದು ಮನೆಗೆ ಬಂದಾಗ ಅದೇ ಅಪ್ಪ ಎರಡು ಭಾನುವಾರ ಚಾಪೆಲ್ಲಿಗೇ ಹೋಗಲಿಲ್ಲ.

ಬಿಟ್ಟಿದ್ದಕ್ಕೆ ಕಾರಣ ಇಂಗ್ಲಿಷ್ ಸರಿಯಾಗಿ ಬಾರದ ಒಬ್ಬ ಮುದುಕ. ಕೋರ್ಟಿನಲ್ಲಿ ಅವನ ಪಕ್ಕದಲ್ಲಿ ಇವಳು ಕೂತಿದ್ದಾಗಲೇ, ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ಅವನು ಮರ್ಯಾದೆಗೆಂದು ‘ಯೆಸ್, ಯೆಸ್’ ಅನ್ನುತ್ತಾ ಹೊಳೆದಂಡೆಯ ಹೊಲ ಕಳೆದುಕೊಂಡನಂತೆ. ಅವನಿಗೆ ಅರ್ಥವಾಗಿಲ್ಲ ಅನ್ನೋದು ತನಗೆ ಗೊತ್ತಿತ್ತು, ಅದನ್ನು ಕೋರ್ಟಿಗೆ ತೋರಿಸಿಕೊಡುವ ವಿದ್ಯೆ ಮಾತ್ರ ತನ್ನ ಹತ್ತಿರ ಇರಲಿಲ್ಲ ಎಂದಳು ಅಕ್ಕ. ಆ ವಿದ್ಯೆ ಎಲ್ಲಿದೆಯೋ ಅಲ್ಲಿಗೆ ಹೋಗುತ್ತೇನೆ ಅಂತ ಹೊರಟು ಭಾಷಾಶಾಸ್ತ್ರಕ್ಕೆ ಸೇರಿದಳು. ನಮ್ಮ ವೆಲ್ಷ್ ಮಾತಿನಲ್ಲಿ ಜನ ಹೌದು ಅನ್ನುವುದು ಹೇಗೆ, ಇಲ್ಲ ಅನ್ನುವುದು ಹೇಗೆ, ಅಲ್ಲ ಅನ್ನುವುದು ಹೇಗೆ, ಇಷ್ಟೇ ಅವಳ ಸಂಶೋಧನೆ. ಇಷ್ಟಕ್ಕೆ ಆರೇಳು ವರ್ಷ!

ಊರವರಿಗೆ ನಗೋಕೆ ಇನ್ನೇನು ಬೇಕಿತ್ತು? ನನ್ನ ಬೇಕರಿಗೆ ಬಂದವರೆಲ್ಲ ಬ್ರೆಡ್ಡಿನ ಜೊತೆಗೆ ಒಂದು ಕುಟುಕು ಕೊಟ್ಟೇ ಹೋಗುತ್ತಿದ್ದರು. ನಿಮ್ಮಕ್ಕ ‘ಹೌದು’ ಮುಗಿಸಿ ‘ಇಲ್ಲ’ಕ್ಕೆ ಬಂದ್ಲಾ ನೆಸ್ಟಾ, ಅಂತ ಕಸಾಯಿಯವನು ಕೇಳುತ್ತಿದ್ದ. ಅಪ್ಪನಂತೂ, ತನ್ನ ಹೆಂಡತಿ ಅದನ್ನೆಲ್ಲ ಮದುವೆಯಾದ ವಾರದಲ್ಲೇ ಕಲಿತಿದ್ದಳು, ಫೀಸೂ ಕಟ್ಟಿರಲಿಲ್ಲ ಅನ್ನುತ್ತಿದ್ದ. ಹೊರಗಿನವರು ನಕ್ಕಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪ ನಕ್ಕಾಗ ನಾನೂ ನಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅವಳು ಬ್ಯಾಂಗರ್‌ನಲ್ಲಿ ಪಾಠ ಹೇಳತೊಡಗಿದಳು. ಕೋರ್ಟುಗಳೂ ಕರೆಯತೊಡಗಿದವು. ಟೇಪಿನಲ್ಲಿರುವ ಮಾತು ಯಾರದ್ದು, ಬೆದರಿಕೆಯೋ ತಮಾಷೆಯೋ, ಸಾಕ್ಷಿ ಅಂದದ್ದಕ್ಕೆ ಏನರ್ಥ, ಇಂಥದ್ದಕ್ಕೆಲ್ಲ ಎಲಿನೆಡ್ ಬೇಕು. ಅಪ್ಪ ಸಾಯುವ ಮುಂಚೆ ಒಮ್ಮೆ ಅವಳು ಸಾಕ್ಷಿ ಹೇಳುವುದನ್ನು ನೋಡಿ ಬಂದ. ಏನನ್ನಿಸಿತು ಅಂತ ಕೇಳಿದೆ. ಕಪ್ಪು ಕೋಟೊಂದು ಹಾಕಿಲ್ಲ, ಮಿಕ್ಕಿದ್ದೆಲ್ಲ ವಕೀಲೆಯೇ ಎಂದ. ಅಷ್ಟು ಹೇಳಿಸಿಕೊಳ್ಳೋಕೆ ಅವಳಿಗೆ ಅರ್ಧ ಆಯಸ್ಸು ಹಿಡಿಯಿತು.

ಈಗ ಟೆಗಿಡ್ ಮಾವನ ವಿಷಯಕ್ಕೆ ಬರುತ್ತೇನೆ. ಮಾವ ಅಂದರೆ ರಕ್ತಸಂಬಂಧವಲ್ಲ, ನಮ್ಮ ಹೊಲದ ಆಚೆಗಿನ ಮನೆಯವನು. ಅವನೂ ಅವನ ಹೆಂಡತಿ ಡಿಲಿಸ್ ಅತ್ತೆಯೂ ನಮ್ಮಿಬ್ಬರನ್ನು ಎತ್ತಿ ಆಡಿಸಿದವರು. ಒಂದು ಸಂಜೆ ಅವನ ದನಗಳು ರಸ್ತೆಗೆ ನುಗ್ಗಿದವು. ತಿರುವಿನಲ್ಲಿ ಬಂದ ಮೋಟಾರ್‌ಸೈಕಲ್ ಸವಾರನೊಬ್ಬ ಬಿದ್ದು ಸೊಂಟ ಮುರಿದುಕೊಂಡ. ಜನ ಓಡಿಹೋಗಿ ನೋಡಿದರೆ ಹೊಲದ ಗೇಟು ಹಾರುಹೊಡೆದಿತ್ತು. ರಸ್ತೆಯಲ್ಲಿ ಹೋಗುವವರ ಜೀವಕ್ಕೆ ಅಪಾಯ ತಂದ ಅಂತ ಟೆಗಿಡ್ ಮಾವನ ಮೇಲೆ ಕೇಸಾಯಿತು. ಜೈಲಾಗುವಂಥ ಕೇಸು.

ಪೊಲೀಸಿನವನು ಮಾವನ ಅಡುಗೆಮನೆಯಲ್ಲೇ ಕೂತು ನಮ್ಮ ಮಾತಿನಲ್ಲೇ ವಿಚಾರಣೆ ಮಾಡಿದ್ದ, ಟೇಪೂ ಮಾಡಿಕೊಂಡಿದ್ದ. ಗೇಟಿನ ಪ್ರಶ್ನೆ ಕೇಳುವ ಹೊತ್ತಿಗೆ ಸರಿಯಾಗಿ ಮಾವನ ನಾಯಿ ಬೊಗಳಿ ಪ್ರಶ್ನೆಯನ್ನೇ ನುಂಗಿಹಾಕಿತ್ತು. ಉತ್ತರ ಮಾತ್ರ ಉಳಿದಿತ್ತು, ಪ್ರಶ್ನೆಯನ್ನು ಹೇಗೆ ಕೇಳಿದ್ದೆ ಅನ್ನೋದು ಪೊಲೀಸಿನವನಿಗೂ ನೆನಪಿರಲಿಲ್ಲ. ಅದನ್ನು ಇಂಗ್ಲಿಷಿಗೆ ಇಳಿಸಿದವರು ‘ಗೇಟು ಹಾಕಿದಿರಾ?’ ಅಂತ ಪ್ರಶ್ನೆಯನ್ನು ಊಹಿಸಿಕೊಂಡು, ಮುಂದೆ ‘ನೋ’ ಅಂತ ಬರೆದು ಕೈತೊಳೆದುಕೊಂಡರು. ಅಲ್ಲಿಗೆ ಮುದುಕ ತಪ್ಪೊಪ್ಪಿಕೊಂಡ ಹಾಗಾಯಿತು. ತಮಾಷೆ ಅಂದರೆ ಮಾವ ಅದಕ್ಕೆ ತಕರಾರೇ ಎತ್ತಲಿಲ್ಲ. ಬರೆದದ್ದು ಬರೆದಾಯಿತು, ಇರಲಿ ಬಿಡು ಅಂದುಬಿಟ್ಟ. ಅವನ ವಕೀಲ ಇಡ್ವಾಲ್‌ಗೆ ಅನುಮಾನ ಬಂತು. ಅವನು ಅಕ್ಕನ ಜೊತೆ ಒಂದೇ ಆಫೀಸಿನಲ್ಲಿ ಕೆಲಸ ಕಲಿತವನು. ಟೇಪು ತಂದು ಅವಳಿಗೆ ಕೇಳಿಸಿದ.

ಅಕ್ಕ ಒಂದು ಸಲ ಕೇಳಿ ಕಣ್ಣು ಮುಚ್ಚಿಕೊಂಡಳು. ಮಾವ ಅಂದದ್ದು ‘ನಾಗೆ’. ನಮ್ಮ ಮಾತಿನಲ್ಲಿ ಇಲ್ಲ ಬೇರೆ, ಅಲ್ಲ ಬೇರೆ. ಇಂಗ್ಲಿಷಿನವರಿಗೆ ಎರಡಕ್ಕೂ ಒಂದೇ ‘ನೋ’, ಪಾಪ. ಗೇಟು ಹಾಕಿದ್ಯಾ ಅಂತ ಕೇಳಿದರೆ ‘ಇಲ್ಲ’ ಅನ್ನಬೇಕು. ನೀನಾ ಗೇಟು ಹಾಕಿದ್ದು ಅಂತ ಕೇಳಿದರೆ ‘ಅಲ್ಲ’ ಅನ್ನಬೇಕು. ನಾಗೆ ಅಂದರೆ ಅಲ್ಲ. ಅಂದರೆ ಗೇಟು ಹಾಕಿತ್ತು, ಹಾಕಿದವರು ಬೇರೆ, ಆಮೇಲೆ ತೆಗೆದವರೂ ಅವರೇ ಇರಬೇಕು. ಆ ಮನೆಯಲ್ಲಿ ಇರುವವರೇ ಇಬ್ಬರು. ಡಿಲಿಸ್ ಅತ್ತೆಗೆ ವರ್ಷದಿಂದ ಮರೆವು. ಒಲೆ ಹಚ್ಚಿ ಮರೆಯುವುದು, ಹೊತ್ತಲ್ಲದ ಹೊತ್ತಲ್ಲಿ ಗೇಟಿನ ಹತ್ತಿರ ಹೋಗಿ ನಿಲ್ಲುವುದು ನಮಗೆಲ್ಲ ಗೊತ್ತಿತ್ತು. ಸರ್ಕಾರದ ಕಡೆಯವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಅಕ್ಕ ಸಾಕ್ಷಿ ಹೇಳುತ್ತಾಳೆ ಅಂತ ಕಿವಿಗೆ ಬಿದ್ದದ್ದೇ ತಡ, ಟೆಗಿಡ್ ಮಾವ ಶನಿವಾರ ನಮ್ಮ ಅಡುಗೆಮನೆಗೆ ಬಂದ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ. ನಾನಿಟ್ಟ ಬಾರಾ ಬ್ರಿತ್ ಮುಟ್ಟಲಿಲ್ಲ. ಒಣದ್ರಾಕ್ಷಿ ಬ್ರೆಡ್ಡು ಅಂದರೆ ಪ್ರಾಣ ಬಿಡುವವನು ಅವನು.

“ಪುಟ್ಟೀ, ನಾನು ‘ಇಲ್ಲ’ ಅಂದೆ ಅಂತ ಹೇಳ್ಬಿಡು,” ಎಂದ.

“ನೀವು ‘ಅಲ್ಲ’ ಅಂದಿದ್ದೀರಿ, ಮಾವ.”

“ಒಂದಕ್ಷರ ಕಣೇ. ನೀನು ಅದರಲ್ಲೇ ಡಾಕ್ಟರ್ ಆಗಿದ್ದೀಯ, ಒಂದಕ್ಷರ ಆಚೀಚೆ ಮಾಡೋಕಾಗಲ್ವಾ?” ಅವನು ಮುಂದುವರಿಸಿದ: “ನನ್ನ ಜೈಲಿಗೆ ಹಾಕಿದ್ರೂ ಕೆಲವು ತಿಂಗಳು. ಅಷ್ಟು ದಿನ ನನ್ನ ತಂಗಿ ಬಂದಿರ್ತಾಳೆ. ಜೈಲಿಂದ ನಾನು ವಾಪಸ್ ಬರ್ತೀನಿ. ಗೇಟು ತೆಗೆದದ್ದು ಡಿಲಿಸ್ ಅಂತ ಗೊತ್ತಾಗಿ ಅವಳನ್ನ ವೃದ್ಧಾಶ್ರಮಕ್ಕೆ ಹಾಕಿದ್ರೆ ಅವಳು ವಾಪಸ್ ಬರಲ್ಲ.”

ಅವನು ಹೆದರಿದ್ದು ಸುಮ್ಮನೆ ಅಲ್ಲ. ಜಾಗ ಖಾಲಿ ಇದ್ದ ಆಶ್ರಮ ಗಡಿಯ ಆಚೆಗೆ, ಇಂಗ್ಲಿಷಿನವರ ಊರಲ್ಲಿತ್ತು. ಡಿಲಿಸ್ ಅತ್ತೆಗೆ ಮೊದಲು ಮರೆತುಹೋದದ್ದೇ ಇಂಗ್ಲಿಷು. ಅಲ್ಲಿ ಅವಳು ನೀರು ಕೇಳಿದರೂ ಯಾರಿಗೂ ತಿಳಿಯುವುದಿಲ್ಲ.

ಅಕ್ಕ ಅವನ ಕೈ ಹಿಡಿದುಕೊಂಡಳು. ಕೋರ್ಟು ತನ್ನನ್ನು ಕೇಳುವುದು ಟೇಪಿನಲ್ಲಿ ಏನಿದೆ ಅಂತ ಮಾತ್ರ, ಯಾರು ಹಾಕಿದರು ಅಂತಲ್ಲ. ಇರುವುದನ್ನು ಹೇಳುತ್ತೇನೆ, ಯಾರ ಹೆಸರನ್ನೂ ಎತ್ತುವುದಿಲ್ಲ, ಆದರೆ ಇರುವುದನ್ನು ಬದಲಾಯಿಸುವುದಿಲ್ಲ ಎಂದಳು. ಮಾವ ಕೈ ಬಿಡಿಸಿಕೊಂಡು ಟೋಪಿ ಹಾಕಿಕೊಂಡು ಹೋದ. ನಾನು ಅವಳಿಗೆ ಬಾಯಿಗೆ ಬಂದದ್ದು ಬೈದೆ. ನಿನ್ನದು ಮನಸ್ಸೋ ಕಲ್ಲುಬಂಡೆಯೋ ಅಂದೆ. ಒಬ್ಬರ ಬಾಯಲ್ಲಿ ಆಡದ ಮಾತು ತುರುಕಿ ಹೊಲ ಕಿತ್ತುಕೊಂಡದ್ದನ್ನು ನೋಡಿ ಬಂದವಳು ನಾನು, ಅದನ್ನೇ ನನ್ನ ಕೈಯಾರೆ ಮಾಡಲಾ ಅಂತ ಅವಳು ಕೇಳಿದಳು. ನಾನು ಪಾತ್ರೆಗಳನ್ನು ಸದ್ದು ಮಾಡುತ್ತಾ ತೊಳೆದೆ.

ಕೋರ್ಟಿನ ದಿನ ಡಿಲಿಸ್ ಅತ್ತೆಯನ್ನು ಒಬ್ಬಳೇ ಬಿಡುವ ಹಾಗಿರಲಿಲ್ಲ. ಮಾವನ ತಂಗಿಗೆ ಜ್ವರ. ಹಾಗಾಗಿ ಅತ್ತೆಯನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿಕೊಂಡು ನಾನು ಕೂತೆ. ನೀಲಿ ಕೋಟು ಹಾಕಿ, ತಲೆ ಬಾಚಿಕೊಂಡು, ಚಾಪೆಲ್ಲಿಗೆ ಬಂದವಳ ಹಾಗೆ ಕೂತಿದ್ದಳು. ವೆಲ್ಷ್ ಬಾರದವರ ಕಿವಿಗೆ ಭಾಷಾಂತರದ ಹೆಡ್‌ಫೋನು. ಅಕ್ಕ ಕಟಕಟೆಯಲ್ಲಿ ನಿಂತು ಇಲ್ಲ–ಅಲ್ಲದ ಪಾಠವನ್ನು ಜ್ಯೂರಿಗೆ ಬಿಡಿಸಿ ಹೇಳಿದಳು. ಸರ್ಕಾರಿ ವಕೀಲನಿಗೆ ಅದು ರುಚಿಸಲಿಲ್ಲ. ವಯಸ್ಸಾದ ಮನುಷ್ಯ ಗಾಬರಿಯಲ್ಲಿ ಒಂದರ ಬದಲು ಇನ್ನೊಂದು ಅಂದಿರಬಾರದೇ ಎಂದ. ನಮ್ಮಲ್ಲಿ ಮೂರು ವರ್ಷದ ಮಗುವೂ ಆ ತಪ್ಪು ಮಾಡುವುದಿಲ್ಲ ಎಂದಳು ಇವಳು. ಹಾಗಾದರೆ ಟೇಪಿನಲ್ಲಿ ನುಂಗಿಹೋದ ಪ್ರಶ್ನೆ ಏನಿದ್ದಿರಬೇಕು, ಒಮ್ಮೆ ಕೇಳಿ ತೋರಿಸಿ ಎಂದ.

ಅಕ್ಕ ಜ್ಯೂರಿಯ ಕಡೆ ತಿರುಗಿ ನಮ್ಮ ಮಾತಿನಲ್ಲಿ, ಸ್ಪಷ್ಟವಾಗಿ ಕೇಳಿದಳು: “ಗೇಟು ಹಾಕಿದ್ದು ನೀವೇನಾ?”

“ಹೌದು, ನಾನೇ,” ಅಂತು ನನ್ನ ಪಕ್ಕದ ದನಿ.

ಡಿಲಿಸ್ ಅತ್ತೆ ಎದ್ದು ನಿಂತಿದ್ದಳು. ಯಾರೋ ತನ್ನನ್ನೇ ಕೇಳಿದ್ದಾರೆ, ಉತ್ತರ ಕೊಡದಿದ್ದರೆ ಚೆನ್ನಾಗಿರುವುದಿಲ್ಲ ಅಂತ ಎದ್ದವಳು. ನಾನು ಕೋಟು ಹಿಡಿದು ಎಳೆದೆ. ಅವಳು ಕೂರಲಿಲ್ಲ. “ಹಾಕಿದೆ. ಆಮೇಲೆ ತೆಗೆದೆ. ಅಮ್ಮ ಇನ್ನೂ ಮನೆಗೆ ಬಂದಿರಲಿಲ್ವಲ್ಲ,” ಎಂದಳು.

ಅವಳ ಅಮ್ಮ ತೀರಿಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ.

ಭಾಷಾಂತರದವರು ಸುಮ್ಮನಾಗಿಬಿಟ್ಟರು, ಹಿಂದಿನ ಬೆಂಚಿನ ಮಾತು ಅವರ ಕೆಲಸವಲ್ಲ. ಜಡ್ಜ್ ಜ್ಯೂರಿಯನ್ನು ಹೊರಗೆ ಕಳಿಸಿದರು. ಆಮೇಲೆ ಅಕ್ಕನ ಕಡೆ ತಿರುಗಿ, ಆ ಹೆಂಗಸು ಏನಂದರು ಅಂತ ಕೇಳಿದರು. ಆರೋಪಿಯ ಜಾಗದಲ್ಲಿ ನಿಂತಿದ್ದ ಟೆಗಿಡ್ ಮಾವ ತಲೆ ಅಲ್ಲಾಡಿಸುತ್ತಲೇ ಇದ್ದ, ಬೇಡ, ಬೇಡ ಅಂತ. ಅಕ್ಕ ಅವನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಆದರೂ ಅಂದದ್ದನ್ನು ಅಂದ ಹಾಗೇ ಇಂಗ್ಲಿಷಿನಲ್ಲಿ ಹೇಳಿದಳು. ಅಮ್ಮ ಬಂದಿರಲಿಲ್ಲ ಅನ್ನುವುದನ್ನೂ ಬಿಡಲಿಲ್ಲ.

ಸರ್ಕಾರದವರು ಕೇಸು ಕೈಬಿಟ್ಟರು. ಕೋರ್ಟಿನ ಮೆಟ್ಟಿಲ ಮೇಲೆ ಟೆಗಿಡ್ ಮಾವ ಹೆಂಡತಿಯ ಕೈಹಿಡಿದು ಅಕ್ಕನ ಪಕ್ಕದಿಂದಲೇ ಇಳಿದು ಹೋದ. ಮುಖ ತಿರುಗಿಸಿ ನೋಡಲಿಲ್ಲ.

ಅವನು ಹೆದರಿದ್ದ ಹಾಗೆಯೇ ವೃದ್ಧರ ಯೋಗಕ್ಷೇಮದ ಆಫೀಸಿನವರು ಬಂದರು. ಆಗ ನೋಡಬೇಕಿತ್ತು ನಮ್ಮಕ್ಕನನ್ನು. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಕಾನೂನಿನ ಪುಸ್ತಕಗಳನ್ನೆಲ್ಲ ಇಳಿಸಿದಳು, ಹೊಸವನ್ನೂ ತರಿಸಿದಳು, ಇಡ್ವಾಲ್‌ನನ್ನು ಎಳೆದುಕೊಂಡು ಆ ಆಫೀಸಿಗೆ ಹೋದಳು. ತನಗೆ ಉಳಿದಿರುವ ಒಂದೇ ಭಾಷೆಯಲ್ಲಿ ಆರೈಕೆ ಪಡೆಯದ ಹೆಂಗಸನ್ನು ಆರೈಕೆಯಲ್ಲಿದ್ದಾಳೆ ಅಂತ ಹೇಗೆ ಬರೆಯುತ್ತೀರಿ ಅಂತ ಅವರ ಬೆನ್ನು ಬಿದ್ದಳು. ಅವರೂ ಕೆಟ್ಟವರೇನಲ್ಲ, ಸುಸ್ತಾದರು. ಕೊನೆಗೆ ವೆಲ್ಷ್ ಬರುವ ನರ್ಸೊಬ್ಬಳು ದಿನಾ ಮನೆಗೇ ಬರುವುದು, ಗೇಟಿಗೆ ಅತ್ತೆಯ ಕೈಗೆ ಎಟುಕದ ಇನ್ನೊಂದು ಚಿಲಕ ಹಾಕಿಸುವುದು ಅಂತ ತೀರ್ಮಾನವಾಯಿತು. ಅಪ್ಪ ಇದ್ದಿದ್ದರೆ ಇಡೀ ಪೇಟೆಯ ಕೈ ಕುಲುಕಿ ಬರುತ್ತಿದ್ದ.

ಅಷ್ಟಾದರೂ ಟೆಗಿಡ್ ಮಾವ ಅವಳ ಜೊತೆ ಮಾತು ಬಿಟ್ಟಿದ್ದ. ಹೆಂಡತಿಯ ಮರೆವನ್ನು ಅಷ್ಟು ಜನರ ಮುಂದೆ ಹರವಿದಳು ಅಂತ ಸಿಟ್ಟು. ಒಂದು ಸಂಜೆ ನಾವಿಬ್ಬರೂ ಬ್ರೆಡ್ಡು ತೆಗೆದುಕೊಂಡು ಹೋದೆವು. ಡಿಲಿಸ್ ಅತ್ತೆ ಗೇಟಿನ ಹತ್ತಿರ ನಿಂತಿದ್ದಳು. ಮಾವ ಅಂಗಳದಲ್ಲಿ ನಾಯಿಗೆ ಊಟ ಹಾಕುವ ನೆವದಲ್ಲಿ ಬೆನ್ನು ತಿರುಗಿಸಿದ. ಅತ್ತೆ ದಿನಾ ಕೇಳುವ ಪ್ರಶ್ನೆ ಒಂದೇ. ಮಾವ ಒಂದು ದಿನವೂ ಸುಳ್ಳಾಡದೆ, ಅಮ್ಮ ತೀರಿಹೋದರಲ್ಲ ಡಿಲಿಸ್ ಅನ್ನುತ್ತಿದ್ದ. ಅವಳು ಈಗಷ್ಟೇ ಸುದ್ದಿ ಬಂದ ಹಾಗೆ ದಿನಾ ಅಳುತ್ತಿದ್ದಳು.

ಅತ್ತೆ ಅಕ್ಕನ ತೋಳು ಹಿಡಿದು ಕೇಳಿದಳು: “ಅಮ್ಮ ಬಂದ್ಲಾ?”

ಅಕ್ಕ ರಸ್ತೆಯ ಕಡೆ ನೋಡಿದಳು.

“ಬಂದ್ರು ಅತ್ತೆ. ಒಳಗಿದ್ದಾರೆ.”

ಡಿಲಿಸ್ ಅತ್ತೆಯ ಮುಖ ಸಡಿಲವಾಯಿತು. ತಾನೇ ಗೇಟು ಎಳೆದು ಹಾಕಿದಳು, ಕೈಗೆ ಎಟುಕುವ ಹಳೇ ಚಿಲಕವನ್ನು ಎರಡು ಸಲ ಅಲ್ಲಾಡಿಸಿ ನೋಡಿದಳು, ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಮನೆಯ ಕಡೆ ನಡೆದಳು. ಟೆಗಿಡ್ ಮಾವ ತಟ್ಟೆ ಹಿಡಿದು ನಿಂತೇ ಇದ್ದ. ಆಮೇಲೆ, ನಮ್ಮ ಕಡೆ ನೋಡದೆಯೇ, ಒಳಗೆ ಬನ್ನಿ, ಟೀ ಮಾಡ್ತೀನಿ ಎಂದ.

ವಾಪಸ್ ಬರುವಾಗ ನನಗೆ ಸುಮ್ಮನಿರೋಕೆ ಆಗಲಿಲ್ಲ. ಕೋರ್ಟಲ್ಲಿ ಒಂದಕ್ಷರ ಬಿಟ್ಟುಕೊಡದವಳು!

“ಸುಳ್ಳು ಹೇಳಿದ್ಯಾ ಅಕ್ಕಾ?” ಎಂದೆ.

“ಹೇಳಿದೆ,” ಎಂದಳು.