ಬಾಗಿಲಿಗೊಂದು ಚಿಲಕ

ಹೋಟೆಲಿನಲ್ಲಿ ಹಾಡುವವಳಿಗೆ ಬಟ್ಟೆ ಬದಲಿಸಲು ಕೊಟ್ಟ ಜಾಗ ಈರುಳ್ಳಿ ಮೂಟೆಗಳ ಉಗ್ರಾಣ. ಅದರ ಬಾಗಿಲಿಗೆ ಚಿಲಕವಿರಲಿಲ್ಲ. ಅವಳು ಗುಂಡಿ ಹಾಕಿಕೊಳ್ಳುವ ಹೊತ್ತಿಗೇ ಯಾವನಾದರೊಬ್ಬ ಸಪ್ಲೈಯರ್‌ಗೆ ಈರುಳ್ಳಿಯ ನೆನಪಾಗುತ್ತಿತ್ತು. ಬಾಯಲ್ಲಿ 'ಸಾರಿ' ಅನ್ನುತ್ತಿದ್ದ, ಕಣ್ಣು ಮಾತ್ರ ಕೀಳುತ್ತಿರಲಿಲ್ಲ. ಸಪ್ಲೈಯರ್‌ಗೆ ಈರುಳ್ಳಿ ಯಾಕೆಂದು ಯಾರೂ ಕೇಳಲಿಲ್ಲ.

ವಾದ್ಯದವರು ಮೂವರು: ಕೀಬೋರ್ಡ್ ನುಡಿಸುವ ಅವಳ ಸ್ವಂತ ತಮ್ಮ, ಡ್ರಮ್ಮಿನವನು, ಗಿಟಾರಿನವನು. ಅವರಿಗೂ ಸಂಕಟವಿತ್ತು. ಪಾತ್ರೆ ತೊಳೆಯುವ ಕಡೆ ನಿಂತೇ ಊಟ, ನಡುವೆ ಬಿಡುವಿಲ್ಲದೆ ನುಡಿಸುವ ಕೆಲಸ. ಕೊನೆಗೆ ಮ್ಯಾನೇಜರನ್ನು ಕೇಳಿಯೇ ಬಿಡುವುದೆಂದಾಯಿತು. ಬೇಡಿಕೆ ಮೂರು, ಒಪ್ಪದಿದ್ದರೆ ಯಾರೂ ವೇದಿಕೆ ಹತ್ತುವುದಿಲ್ಲ. ಮಾತಾಡಲು ತಮ್ಮನೇ ಹೋಗಲಿ ಎಂದವಳು ಅವಳೇ.

"ಮೊದಲು ಚಿಲಕ ಕೇಳು. ಊಟ, ಬಿಡುವು ಆಮೇಲೆ."

"ಅದನ್ನ ನೀನು ಹೇಳ್ಬೇಕಾ ಅಕ್ಕಾ?"

ಸ್ವಲ್ಪ ಹೊತ್ತಿಗೆ ತಮ್ಮ ಮುಖ ಊರಗಲ ಮಾಡಿಕೊಂಡು ಹೊರಬಂದ.

"ಗೆದ್ವಿ! ಮೂರರಲ್ಲಿ ಎರಡಕ್ಕೆ ಒಪ್ಪಿದ್ರು. ಟೇಬಲ್ ಮೇಲೆ ಊಟ, ಮಧ್ಯೆ ಬಿಡುವು."

"ಚಿಲಕ?"

"ಯಾವುದಾದ್ರೂ ಎರಡು ಆರಿಸ್ಕೊಳ್ಳಿ ಅಂದ್ರು. ನಾವು ಮೂರು ಜನ, ನೀನೊಬ್ಳು. ಸ್ವಲ್ಪ ಅಡ್ಜಸ್ಟ್ ಮಾಡ್ಕೊ. ಇಲ್ಲಾಂದ್ರೆ ಮನೆಯಿಂದಲೇ ಡ್ರೆಸ್ ಹಾಕ್ಕೊಂಡು ಬಾ."

ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಮೂರು ಹೊಟ್ಟೆ, ಒಂದು ಮೈ. ಉಳಿದಿಬ್ಬರು ಆಗಲೇ ಫ್ಯಾನಿನ ಕೆಳಗಿನ ಟೇಬಲ್ಲಿನ ಮೇಲೆ ಕಣ್ಣಿಟ್ಟಿದ್ದರು. ಅವಳು ಜಗಳವಾಡಲಿಲ್ಲ, ನೆಟ್ಟಗೆ ಮ್ಯಾನೇಜರ್ ಕೋಣೆಗೆ ಹೋದಳು.

"ಸರ್, ನೀವು ಒಪ್ಪಿದ ಎರಡೂ ಬೇಡ. ಒಂದು ಚಿಲಕ ಕೊಡಿ. ಈಗ್ಲೇ."

"ಅವ್ರು ಒಪ್ತಾರೇನಮ್ಮಾ?"

"ನಾನು ಬಾಯಿ ಬಿಡ್ದಿದ್ರೆ ಅವ್ರು ಯಾರಿಗೆ ನುಡಿಸ್ತಾರೆ?"

ಇಬ್ಬರ ಜಗಳ ಮೂರನೆಯವನಿಗೆ ಲಾಭ. ಮ್ಯಾನೇಜರ್‌ಗೆ ಟೇಬಲ್ಲೂ ಉಳಿಯಿತು, ಬಿಡುವೂ ಉಳಿಯಿತು. ಖರ್ಚಾದದ್ದು ಒಂದು ಚಿಲಕ, ನಾಲ್ಕು ಸ್ಕ್ರೂ. ಆ ಪುಣ್ಯಾತ್ಮ ಖುಷಿಗೆ ತಾನೇ ಸ್ಕ್ರೂಡ್ರೈವರ್ ಹಿಡಿದು ಬಂದು ಬಾಗಿಲಿಗೆ ಕೂರಿಸಿಕೊಟ್ಟ. ಆಗಲೇ ಫ್ಯಾನಿನ ಕೆಳಗೆ ಊಟಕ್ಕೆ ಕೂತಿದ್ದ ಮೂವರನ್ನೂ ಏಳಿಸಲು ಇಬ್ಬರು ಸಪ್ಲೈಯರ್‌ಗಳು ಹೋದರು. ತಟ್ಟೆ ಹಿಡಿದು ಮತ್ತೆ ಪಾತ್ರೆ ತೊಳೆಯುವ ಕಡೆಗೆ ಹೋದ ಮೇಲೆ ತಮ್ಮ ತನ್ನ ತಟ್ಟೆಯನ್ನು ಅಲ್ಲೇ ಬಿಟ್ಟ. ಎದ್ದುಬಿದ್ದು ಬಂದು ಉಗ್ರಾಣದ ಬಾಗಿಲು ಬಡಿದ.

"ಎಲ್ಲರ ಮುಂದೆ ಎಬ್ಬಿಸಿದ್ರಕ್ಕಾ! ಅವ್ರಿಬ್ರೂ ನನ್ನ ಮುಖ ಸಹ ನೋಡ್ತಿಲ್ಲ. ಹೀಗೆ ಮಾಡೋಕೆ ನಿಂಗೆ ಹೇಗೆ ಮನಸ್ಸು ಬಂತು? ನಾನು ನಿನ್ನ ತಮ್ಮ ಕಣಕ್ಕಾ!"

ಒಳಗೆ ಅವಳು ಯಾವ ಆತುರವೂ ಇಲ್ಲದೆ ಗುಂಡಿ ಹಾಕಿಕೊಳ್ಳುತ್ತಿದ್ದಳು.

"ಅದಕ್ಕೇ ತಾನೇ ನಿನ್ನನ್ನ ಕಳಿಸಿದ್ದು," ಎಂದಳು.